ದುರ್ಬೀನಿನ ಬಾಡಿಗೆ

ರಾಜಾಸೀಟಿನ ಕಂಬಿಗೆ ಬೆನ್ನು ಕೊಟ್ಟು
ಇಪ್ಪತ್ತು ರೂಪಾಯಿಗೆ ದೂರವನ್ನು ಹತ್ತಿರ ಮಾಡಿಕೊಡುವವ ನಾನು,
ಕುಂಞಿಮೊಯ್ದು. ದುರ್ಬೀನು ಮಾವನ ಕಾಲದ್ದು.
ಎಡಗಣ್ಣಿನ ಗಾಜಿನಲ್ಲೊಂದು ಕೂದಲೆಳೆ ಬಿರುಕು;
ನನ್ನ ಗಿರಾಕಿಗಳು ಕಂಡ ಬೆಟ್ಟಗಳಲ್ಲೆಲ್ಲ
ಅದೇ ಒಂದು ಬಿಳಿಯ ತೊರೆ.

ಆಗಸ್ಟಿನಲ್ಲಿ ಬಂದರು ಆ ಅಜ್ಜಿ, ಮಾರ್ಜೊರಿ ಅಂತ,
ಇಂಗ್ಲೆಂಡಿನವರು. ಗೋರಿಗಳ ಹುಲ್ಲಿನಲ್ಲಿ
ತೋಟದ ದೊರೆಯಾಗಿದ್ದ ತಾತನ ಕಲ್ಲು ಹುಡುಕಿ
ಸಿಗದೆ, ಮೊಣಕಾಲೆಲ್ಲ ಕೆಸರು, ಶೂ ಒಳಗೊಂದು ಜಿಗಣೆ.
ಕಣಿವೆ ತುಂಬ ಮಂಜು. ಏನೂ ಕಾಣಲ್ಲ, ಅಂದೆ.
ಡ್ರೈವರ್ ಬೆಳ್ಯಪ್ಪ ಅವರ ಮಾತು ತಿರುಗಿಸಿ ಹೇಳಿದ:
ಪರವಾಗಿಲ್ಲವಂತೆ, ಅವರೂರಲ್ಲೂ ಹೀಗೇ ಅಂತೆ.

ಅವರದು ಕಡಲಂಚಿನ ಊರು.
ವರ್ಷಕ್ಕೆ ಹತ್ತು ದಿನ ಬಿಸಿಲು, ಮಿಕ್ಕಿದ್ದು ಆಸೆ.
ಮಳೆ ಬಂದರೆ ಕಾರೊಳಗೇ ಕೂತು ಗಾಜು ಏರಿಸಿ
ಕರಿದ ಮೀನು ತಿನ್ನುತ್ತಾ ಸಮುದ್ರ ನೋಡುವುದು,
ವೈಪರು ಒರೆಸಿದಷ್ಟು.
ಮರಳಿನಲ್ಲಿ ಮಕ್ಕಳನ್ನು ಹೊರಲಿಕ್ಕೆ ಕತ್ತೆಗಳು,
ಶುಕ್ರವಾರ ಕತ್ತೆಗಳಿಗೆ ರಜೆ.
ನನಗೂ ಒಂದು ಗಂಟೆ, ಜುಮ್ಮಾಕ್ಕೆ, ಅಂದೆ.
ಇದನ್ನು ಬೆಳ್ಯಪ್ಪ ತಿರುಗಿಸಿ ಹೇಳಲಿಲ್ಲ.

ಆಮೇಲೆ ಒಂದು ಸೇತುವೆಯಂತೆ, ಕಬ್ಬಿಣದ್ದು,
ದಡದಿಂದ ಹೊರಟು ನೀರ ಮೇಲೆ ಕಾಲು ಮೈಲಿ ನಡೆದು
ನಿಂತುಬಿಡುತ್ತದಂತೆ.
ಆಚೆ ದಡ? ಇಲ್ಲ.
ದೋಣಿ ಬರುತ್ತಾ? ಈಗ ಬರಲ್ಲ.
ಮತ್ತೆ ಜನ ಯಾಕೆ ಹೋಗ್ತಾರೆ?
ತುದಿಗೆ ಹೋಗಿ ವಾಪಸು ಬರಲಿಕ್ಕೆ.

ಹೋದ ತಿಂಗಳು ನಗರಸಭೆಯ ಹುಡುಗನೊಬ್ಬ ಫಾರಂ ಹಿಡಿದು ಬಂದಿದ್ದ.
ಒಳ್ಳೆಯ ಪ್ರವಾಸಿ ಊರಿಗೆ ಏನೇನು ಬೇಕು? ಸರಿ ಗುರುತು ಹಾಕಿ.
ಶೌಚಾಲಯ, ಪಾರ್ಕಿಂಗು, ಸೆಲ್ಫಿಗೊಂದು ಜಾಗ.
'ಇತರೆ' ಅನ್ನುವಲ್ಲಿ ಬೆರಳಗಲದ ಗೀಟು.
ಅಷ್ಟರಲ್ಲಿ ಹೇಗೆ ಬರೆಯಲಿ?
ಬೆಂಚುಗಳ ಮುಖ ಒಂದೇ ಕಡೆಗಿರಬೇಕು, ತಮ್ಮಾ,
ಬರುವ ದಾರಿಯಲ್ಲಿ ಜಗಳವಾಡಿದ ಗಂಡ ಹೆಂಡಿರು
ಒಬ್ಬರ ಮುಖ ಒಬ್ಬರು ನೋಡದೆ ಒಟ್ಟಿಗೆ ಕೂರಲಿಕ್ಕೆ.
ಹೊರಟಲ್ಲಿಗೇ ಬಂದು ನಿಲ್ಲುವ ಪುಟಾಣಿ ರೈಲು ಬೇಕು.
ಮುತ್ತಕ್ಕಿಯ ಜೋಳ, ಕೈಗೆ ಮಸಿ, ತುಟಿಗೆ ಉರಿ.
ಯಾರೂ ಬಾರದ ದಿನ ಬಂದವರಿಗಾಗಿ
ಯಾರಾದರೊಬ್ಬರು ಇರಬೇಕು.
ಮತ್ತೆ, ಇನ್ನು ಮುಂದೆ ಹೋಗಲಾಗದು ಅನ್ನುವ ಒಂದು ಅಂಚು.
ಕಣ್ಣೂರಿನಲ್ಲಿ ಕಡಲು ಕಂಡಿದ್ದೇನೆ, ನನ್ನ ಹೆಂಡತಿಯ ಊರು.
ಅದು ದುಡಿಯುವ ಕಡಲು. ಅದರೆದುರು
ಸುಮ್ಮನೆ ಕೂತರೆ ಬಲೆ ಎಳೆಯಲು ಕರೆಯುತ್ತಾರೆ.

ಅಜ್ಜಿ ದುರ್ಬೀನು ಇಳಿಸಲೇ ಇಲ್ಲ.
ಬಿಳುಪಿನ ಅಡಿಯಿಂದ, ಮಂಗಳೂರು ರಸ್ತೆಯ ತಿರುವಿನಲ್ಲೆಲ್ಲೋ
ಬಸ್ಸೊಂದು ಉದ್ದಕ್ಕೆ ಹಾರನ್ನು ಒತ್ತಿತು.
ಹಡಗು, ಅಂದರು.
ಆ ಒಂದು ಪದಕ್ಕೆ ಬೆಳ್ಯಪ್ಪ ಬೇಕಾಗಲಿಲ್ಲ.

ಹೋಗುವಾಗ ಚೀಲದಿಂದ ಗುಲಾಬಿ ಬಣ್ಣದ ಸಕ್ಕರೆ ಕಡ್ಡಿ ತೆಗೆದು
ನಡುವೆ ಮುರಿದು ತೋರಿಸಿದರು:
ಒಳಗೆ ಸುತ್ತ ಕೆಂಪು ಅಕ್ಷರ, ಅವರೂರಿನ ಹೆಸರು.
ಇನ್ನೊಂದು ಕಡೆ ಮುರಿದರು. ಅಲ್ಲೂ ಅದೇ.
ಎಲ್ಲಿ ಮುರಿದರೂ ಊರು.

ನಮ್ಮದೂ ಮುರಿದಿತ್ತು, ಹದಿನೆಂಟರ ಆಗಸ್ಟಿನಲ್ಲಿ,
ಗುಡ್ಡಗಳೇ. ದುರ್ಬೀನು ಹಾಕಿ ನೋಡಿದೆ ನಾನು,
ಬಾಡಿಗೆ ಕೊಡದೆ, ಮೂರು ದಿನ.
ಒಳಗೆ ಹಸಿ ಕೆಂಪು ಮಣ್ಣು, ಯಾರದೋ ನೀಲಿ ತಗಡು.
ಅಕ್ಷರ ಇರಲಿಲ್ಲ.

ಈಗ ಅಲ್ಲಿ ಹುಲ್ಲು ಬಂದಿದೆ. ಬಿಸಿಲಿದ್ದ ದಿನ
ಗಿರಾಕಿಗಳು ಕೇಳುತ್ತಾರೆ, ಆ ಕೆಂಪು ಗೆರೆ ಏನು, ರಸ್ತೆಯಾ?
ಅದರ ಪಕ್ಕದಲ್ಲೇ ಬಿಳಿಯ ತೊರೆ ಚೆನ್ನಾಗಿದೆ, ಅನ್ನುತ್ತಾರೆ.
ಹೌದು, ಅನ್ನುತ್ತೇನೆ. ಎರಡು ನಿಮಿಷ ಆಯಿತು,
ಮುಂದಿನವರು ಬನ್ನಿ.

ಸಕ್ಕರೆ ಕಡ್ಡಿ ಜೇಬಿನಲ್ಲೇ ಇತ್ತು ಅಕ್ಟೋಬರಿನವರೆಗೆ.
ಇರುವೆಗಳು ಹೆಸರಿನ ಮೊದಲೆರಡು ಅಕ್ಷರ ತಿಂದಿದ್ದವು.
ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ.